ತುಕ್ಕು ಒಳಗಿನಿಂದ ತಿನ್ನುತ್ತದೆ: ನನ್ನ ಜೀಪಿನ ಅನುಭವ

ಕಳೆದ ತಿಂಗಳು ಜೀಪಿನ ಚಾಸಿಯೊಳಗೆ, ಅಂದರೆ ತಳದ ಟೊಳ್ಳು ಉಕ್ಕಿನ ಚೌಕಟ್ಟಿನೊಳಗೆ, ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆ. ತುಕ್ಕು ಹಿಡಿಯದಿರಲಿ ಅಂತ ಅದರೊಳಗೆ ಜಿಡ್ಡಿನ ಎಣ್ಣೆ ಹೊಡೆದು ನಾಲ್ಕು ಮಳೆಗಾಲ ಕಳೆದಿದೆ. ಹೊಳೆ ದಾಟಿದ್ದು, ಕೆಸರಲ್ಲಿ ಹೂತುಕೊಂಡಿದ್ದು ಲೆಕ್ಕವಿಲ್ಲ. ಒಳಗೋಡೆಯ ಮೇಲೆ ಹೊಡೆದ ಜಿಡ್ಡು ಇನ್ನೂ ಹಾಗೇ ಇದೆ. ಹೊಸ ತುಕ್ಕಿನ ಚುಕ್ಕೆ ಒಂದೂ ಕಾಣಲಿಲ್ಲ. "ಎಣ್ಣೆ ಹೊಡೆದರೆ ಧೂಳು ಕೂರುತ್ತದೆ ಅಷ್ಟೆ, ತುಕ್ಕು ನಿಲ್ಲಲ್ಲ" ಅಂದಿದ್ದ ಗೆಳೆಯರಿಗೆಲ್ಲ ಆ ವಿಡಿಯೊ ತೋರಿಸಿದೆ. ಅವರಲ್ಲಿ ಇಬ್ಬರು ಈಗ ಎಣ್ಣೆ ಹೊಡೆಯುವ ನನ್ನ ನಳಿಕೆ ಎರವಲು ಕೇಳಿದ್ದಾರೆ.

ಇಲ್ಲಿಗೆ ಬರುವ ಮೊದಲು ಮೂರು ಸಲ ದುಡ್ಡು ಕಳೆದುಕೊಂಡೆ.

ಮೊದಲನೆಯದು ದಪ್ಪ ಟಾರ್ ಕೋಟಿಂಗ್. ಹಳೇ ಗಾಡಿ ತಗೊಂಡ ವರ್ಷವೇ ತಳಕ್ಕೆಲ್ಲ ಮಾಡಿಸಿದೆ. ನಾಲ್ಕು ಹೊಸ ಟೈರ್ ಬರುವಷ್ಟು ಖರ್ಚಾಯಿತು. ಕಪ್ಪಗೆ, ಚೆನ್ನಾಗಿ ಕಂಡಿತು. ಎರಡು ವರ್ಷದ ನಂತರ ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ಟೊಳ್ಳು ಸದ್ದು. ಎಬ್ಬಿಸಿದರೆ ಅಂಗೈ ಅಗಲದ ಚಕ್ಕೆ ಎದ್ದು ಬಂತು, ಹಿಂದೆ ತುಕ್ಕಿನ ಪುಡಿ. ಕಲ್ಲು ತಾಗಿ ಒಂದು ಕಡೆ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ. ತಗಡು ಒದ್ದೆ ಬಟ್ಟೆ ಸುತ್ತಿದ ಹಾಗೆ ಕೂತಿರುತ್ತದೆ.

ಎರಡನೆಯ ಸಲ ನಾನೇ ಮಾಡಿದೆ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಫಳಫಳ ಹೊಳೆಯುವ ತನಕ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಎನಾಮಲ್. ಎಂಟು ತಿಂಗಳಿಗೇ ಗುಳ್ಳೆ ಎದ್ದಿತು. ಹೊಳೆದದ್ದರಲ್ಲಿ ಅರ್ಧ ಪಾಲಿಶ್ ಆದ ತುಕ್ಕು. ಗುಳಿಗಳ ತಳದಲ್ಲಿ ಅದು ಹಾಗೇ ಉಳಿದಿತ್ತು.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಬಾಗಿಲ ಕೆಳಗಿನ ಸಿಲ್‌ಗಳಿಗೆ (ಟೊಳ್ಳು ತಗಡಿನ ಪಟ್ಟಿಗಳಿಗೆ) ಟಿಂಕರಿಂಗ್ ಮಾಡಿಸಿದಾಗ ಪುಟ್ಟಿ ಹಾಕಿ ನೀಟಾಗಿ ಮುಚ್ಚಿದರು. ನೀರು ಇಳಿಯುವ ತೂತುಗಳೂ ಪುಟ್ಟಿಯಲ್ಲೇ ಮುಚ್ಚಿಹೋಗಿದ್ದವು. ಮುಂದಿನ ವರ್ಷ ಎರಡೂ ಕಡೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕಾಯಿತು. ಮೂರೂ ಸೇರಿ ಗಾಡಿ ಕೊಂಡ ಬೆಲೆಯ ಮೂರರಲ್ಲಿ ಒಂದು ಪಾಲು ಹೋಯಿತು ಅಂತ ನೆನಪು.

ಕತ್ತರಿಸಿದ ಹಳೇ ಸಿಲ್ ಕೈಯಲ್ಲಿ ಹಿಡಿದು ನೋಡಿದಾಗ ನನ್ನ ಲೆಕ್ಕ ಬದಲಾಯಿತು. ಹೊರಗಿನ ಪೇಂಟ್ ಎಷ್ಟೋ ಕಡೆ ಗಟ್ಟಿಯಾಗೇ ಇತ್ತು. ತಿಂದದ್ದೆಲ್ಲ ಒಳಗಿನಿಂದ. ನಾವು ಕಾಣುವ ಕಡೆಗೇ ಜಾಸ್ತಿ ಖರ್ಚು ಮಾಡುತ್ತೇವೆ, ಅಲ್ವಾ?

ಆಮೇಲೆ ಕೆಲಸ ತಿರುಗಿಸಿ ಮಾಡಿದೆ. ಮೊದಲು ಎಲ್ಲ ತೂತುಗಳನ್ನೂ ಬಿಡಿಸಿಕೊಂಡೆ. ಚಾಸಿಯೊಳಗೆ ಪೈಪ್ ತೂರಿಸಿ ನೀರು ಬಿಟ್ಟರೆ ಸುಮಾರು ಎರಡು ಬಕೆಟ್ ಕೆಸರು ಬಂತು. ನೀರು ತಿಳಿಯಾಗುವ ತನಕ ಬಿಟ್ಟೆ. ನಂತರ ಒಂದು ವಾರ ಒಣಗಿಸಿದೆ, ಕೊನೆಯ ಎರಡು ದಿನ ಬಿಸಿ ಗಾಳಿ. ಈ ವಾರವನ್ನು ಮಾತ್ರ ಕಡಿಮೆ ಮಾಡಬೇಡಿ.

ಹೊರಮೈಗೆ ಹೊಸದೇನಿಲ್ಲ. ಕೆರೆದು, ಗುಳಿಗಳಿಗೆ ತುಕ್ಕು ಕರಗಿಸುವ ಫಾಸ್ಫಾರಿಕ್ ಆಸಿಡ್ಡಿನ ದ್ರಾವಣ, ಎರಡು ಕೋಟ್ ಇಪಾಕ್ಸಿ ಪ್ರೈಮರ್, ಜಾಯಿಂಟಿಗೆ ಸೀಲರ್, ಮೇಲೆ ಪೇಂಟ್. ಆಸಿಡ್ ಪೂರ್ತಿ ತೊಳೆದು ಒಣಗಿಸಲೇಬೇಕು. ಉಳಿದರೆ ಇಪಾಕ್ಸಿ ಹಿಡಿಯುವುದಿಲ್ಲ. ಒಂದು ಮಡ್‌ಗಾರ್ಡ್ ನಾನು ಎರಡು ಸಲ ಮಾಡಿದ್ದು ಇದರಿಂದಲೇ.

ಒಳಗಿಗೆ ಹೊಡೆದದ್ದು ಲ್ಯಾನೋಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು ಸೇರಿದ ಎಣ್ಣೆ. ಅದು ಗಟ್ಟಿಯಾಗುವುದಿಲ್ಲ. ಗೀರು ಬಿದ್ದರೆ ಸುತ್ತಲಿನದು ಹರಿದು ಬಂದು ಸ್ವಲ್ಪ ಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಡಬ್ಬವನ್ನು ಬಿಸಿ ನೀರಲ್ಲಿ ಇಟ್ಟು ತೆಳು ಮಾಡಿಕೊಂಡೆ. ಉದ್ದ ನಳಿಕೆ, ತುದಿಯಲ್ಲಿ ಸುತ್ತಲೂ ಚಿಮ್ಮುವ ನಾಜಲ್. ನಳಿಕೆಯನ್ನು ಕೊನೆಯ ತನಕ ತಳ್ಳಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಹೊಡೆಯಬೇಕು. ಮೊದಲ ಸಲ ಮೂರೂವರೆ ಲೀಟರ್ ಹಿಡಿಯಿತು. ಮರುದಿನ ಬೆಳಗ್ಗೆ ಸ್ಪಾಟ್ ವೆಲ್ಡ್ ಸಂದುಗಳಿಂದ ಎಣ್ಣೆ ಜಿನುಗುತ್ತಿತ್ತು. ಅದನ್ನು ನೋಡಿ ಆದ ಖುಷಿ ಹೇಳತೀರದು, ತಗಡು ತಗಡಿನ ನಡುವೆ ಎಣ್ಣೆ ಹೊಕ್ಕಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ವರ್ಷಕ್ಕೊಮ್ಮೆ ಒಂದು ಲೀಟರ್ ಸಾಕಾಗಿದೆ. ನಾಲ್ಕು ವರ್ಷದ ಎಣ್ಣೆ, ನಳಿಕೆ ಎಲ್ಲ ಸೇರಿದರೂ ಆ ಟಾರ್ ಕೋಟಿಂಗಿನ ಅರ್ಧ ಖರ್ಚು ಬಂದಿಲ್ಲ. ಬ್ರೇಕ್ ಡಿಸ್ಕಿಗೂ ಸೈಲೆನ್ಸರ್ ಪೈಪಿಗೂ ಪ್ಲಾಸ್ಟಿಕ್ ಸುತ್ತಿ ಹೊಡೆಯಿರಿ. ಮುಗಿದ ಮೇಲೆ ತೂತುಗಳನ್ನು ಮತ್ತೆ ಒಂದು ಸಲ ಕಡ್ಡಿಯಿಂದ ಚುಚ್ಚಿ ನೋಡಿ.

ಚಕ್ರದ ಮೇಲಿನ ಕಮಾನಿಗೆ ಅದೇ ಎಣ್ಣೆಗೆ ಮೇಣ ಬೆರೆಸುತ್ತೇನೆ. ನೀರು ಎರಚಿದರೂ ತೊಳೆದು ಹೋಗುವುದಿಲ್ಲ. ಅದರ ಅಳತೆ ಹಿಡಿಯಲು ಎರಡು ವರ್ಷ ಬೇಕಾಯಿತು, ಅದು ನನ್ನ ಹತ್ತಿರವೇ ಇರಲಿ.

ಸುಮ್ನೆ ನಂಬಬಾರದು ಅಂತ ಒಂದೇ ತಗಡನ್ನು ಆರು ತುಂಡು ಮಾಡಿ ಪರೀಕ್ಷೆಯನ್ನೂ ಮಾಡಿದ್ದೆ. ಎಲ್ಲಕ್ಕೂ ಗೀರು ಹಾಕಿ, ದಿನಾ ಉಪ್ಪು ನೀರು ಚಿಮುಕಿಸಿ, ತಿಂಗಳ ಮೇಲೆ ನೋಡಿದೆ. ಹಳೇ ಎಂಜಿನ್ ಆಯಿಲ್ ಬಳಿದದ್ದು ಎರಡನೇ ವಾರಕ್ಕೇ ಸೋತಿತು. ಅದು ರಬ್ಬರ್ ಬುಷ್ ಕೂಡ ಹಾಳು ಮಾಡುತ್ತದೆ, ಮಣ್ಣಿಗೂ ಕೆಟ್ಟದ್ದು. ಗ್ರೀಸ್ ಮೇಲ್ಮೈಯಲ್ಲಿ ಗೆದ್ದಿತು, ಆದರೆ ಸಂದಿಗೆ ಇಳಿಯಲಿಲ್ಲ. ಚಾಸಿಗೆ ಸತುವಿನ ಗಟ್ಟಿ ಕಟ್ಟಿಯೂ ನೋಡಿದೆ. ಹಡಗಿನಲ್ಲಿ ಅದು ಕೆಲಸ ಮಾಡುವುದು ಸತುವು, ಉಕ್ಕು ಎರಡೂ ಒಂದೇ ನೀರಲ್ಲಿ ಮುಳುಗಿರುವುದರಿಂದ. ನೆಲದ ಮೇಲೆ ಓಡುವ ಗಾಡಿಗೆ ದಂಡ.

ಬಿಚ್ಚಿದ ಕೀಲುಗಳಿಗೆ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ಹಿಡಿಸಿದ್ದು ಮಾತ್ರ ತುಂಬಾ ಚೆನ್ನಾಗಿ ಆಯಿತು. ಒಂದು ರಾತ್ರಿಗೆ ತುಕ್ಕು ಕಪ್ಪಾಗಿ ಸಡಿಲವಾಯಿತು. ಗಾಳಿಯಾಡುವ ಜಾಗದಲ್ಲೇ ಮಾಡಿ, ಹೈಡ್ರೋಜನ್ ಬರುತ್ತದೆ. ತುಕ್ಕಿನ ಕೀಲು ಚಾರ್ಜರಿನ ಮೈನಸ್ ತುದಿಗೆ, ಇನ್ನೊಂದು ತುದಿಗೆ ಮಾಮೂಲಿ ಕಬ್ಬಿಣ ಹಾಕಿ. ಸ್ಟೇನ್‌ಲೆಸ್ ಹಾಕಿದರೆ ವಿಷದ ಕ್ರೋಮಿಯಂ ನೀರಿಗೆ ಸೇರುತ್ತದೆ.

ಉಳಿದಿರುವುದು ಹಿಂಬಾಗಿಲಿನ ಕೆಳ ಮಡಿಕೆ. ಅಲ್ಲಿ ಅಲ್ಯೂಮಿನಿಯಂ ಪ್ಲೇಟನ್ನು ಉಕ್ಕಿನ ಬೋಲ್ಟಿನಿಂದ ಬಿಗಿದಿದ್ದೆ, ಎರಡು ಲೋಹ ತಾಗಿ ಅಲ್ಯೂಮಿನಿಯಂ ಸವೆದು ಸುತ್ತ ಬಿಳಿ ಪುಡಿ ಎದ್ದಿದೆ. ನೈಲಾನ್ ವಾಷರ್ ಹಾಕಿ ಎರಡು ಲೋಹ ತಾಗದ ಹಾಗೆ ಮಾಡಿದ್ದೇನೆ. ಒಂದು ಬದಿ ಬರೀ ವಾಷರ್, ಇನ್ನೊಂದು ಬದಿ ವಾಷರ್ ಜೊತೆ ಎಣ್ಣೆ. ಮುಂದಿನ ಮಳೆಗಾಲ ಮುಗಿದ ಮೇಲೆ ಎರಡನ್ನೂ ಬಿಚ್ಚಿ ನೋಡುತ್ತೇನೆ.