ಗಾಯದ ಕೀವಿಗೆ ಮೊದಲ ಔಷಧಿ ಇಂಜೆಕ್ಷನ್ ಅಲ್ಲ

ಆಪರೇಷನ್ ಗಾಯದಲ್ಲಿ ಕೀವು ಕಂಡರೆ ಮನೆಯವರು ಮೊದಲು ಕೇಳುವುದು ಒಂದೇ: "ಸಾರ್, ಇನ್ನೂ ಪವರ್ ಜಾಸ್ತಿ ಇರೋ ಇಂಜೆಕ್ಷನ್ ಹಾಕಿ." ನಾನು ಮೊದಲು ಮಾಡುವ ಕೆಲಸ ಬೇರೆ. ಹೊಲಿಗೆ ಬಿಚ್ಚುತ್ತೇನೆ.

ಅಪೆಂಡಿಕ್ಸ್ ಒಡೆದು ಬಂದ ಒಬ್ಬ ರೈತರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಆಪರೇಷನ್ ನಂತರ ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಎಂಬ ಎರಡು ಆಂಟಿಬಯೋಟಿಕ್‌ಗಳು ನಡೆಯುತ್ತಿದ್ದವು. ಆದರೂ ಗಾಯ ಊದಿ ಕೆಂಪಾಯಿತು, ಜ್ವರ ಬಂತು. ಔಷಧಿ ನಡೆಯುತ್ತಿರುವಾಗಲೇ ಕೀವಾದರೆ, ಆ ಔಷಧಿಗೆ ಬಗ್ಗದ ರೋಗಾಣು ಇರಬಹುದು ಎಂಬ ಅನುಮಾನ ಬರಲೇಬೇಕು.

ಹೊಲಿಗೆ ತೆಗೆದೆವು. ಮೇಲೆ ಸೋರಿದ್ದನ್ನು ಸುಮ್ನೆ ಹತ್ತಿಯಲ್ಲಿ ಒರೆಸಿ ಕಳಿಸಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಬೆಳೆಯುತ್ತದೆ. ಅದಕ್ಕೇ ಆಳದ ಕೀವನ್ನು ಸಿರಿಂಜಿನಲ್ಲಿ ಎಳೆದು, ರೋಗಾಣು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದೆವು. ಸಲೈನ್‌ನಿಂದ ಗಾಯ ತೊಳೆದು, ಹೊಲಿಯದೆ ತೆರೆದೇ ಇಟ್ಟು ಡ್ರೆಸ್ಸಿಂಗ್ ಮಾಡಿದೆವು. ಹೊಟ್ಟೆಯೊಳಗೆ ಕೀವು ನಿಂತಿಲ್ಲ ಎಂದು ಸ್ಕ್ಯಾನ್ ಮಾಡಿ ನೋಡಿಕೊಂಡೆವು. ಇನ್ಸುಲಿನ್ ಕೊಟ್ಟು ಸಕ್ಕರೆ ಹಿಡಿತಕ್ಕೆ ತಂದೆವು.

ರಿಪೋರ್ಟ್ ಬರುವ ಮೊದಲೇ ಜ್ವರ ಇಳಿದಿತ್ತು.

ರಿಪೋರ್ಟ್‌ನಲ್ಲಿ ಇದ್ದದ್ದು ಇ.ಎಸ್.ಬಿ.ಎಲ್. ಎಂಬ ಕಿಣ್ವ ತಯಾರಿಸುವ ಇ. ಕೋಲೈ, ಅಂದರೆ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಈ ಕಿಣ್ವ ಸೆಫ್ಟ್ರಿಯಾಕ್ಸೋನನ್ನೇ ಒಡೆದುಹಾಕುತ್ತದೆ. ಹಾಗಾಗಿ ಡೋಸ್ ಏರಿಸಿದರೂ ಪ್ರಯೋಜನವಿಲ್ಲ. ಮೆರೊಪೆನೆಮ್ ಎಂಬ ಇನ್ನೂ ಪ್ರಬಲವಾದ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂದೂ ಬರೆದಿತ್ತು. ನಾವು ಅದನ್ನು ಕೊಡಲಿಲ್ಲ. ಕೀವು ಹೋದ ಮೇಲೂ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ನಾಡಿ ನಿಮಿಷಕ್ಕೆ 110 ಮೀರಿದ್ದರೆ, ಅಥವಾ ಗಾಯದ ಅಂಚಿನಿಂದ 5 ಸೆಂಟಿಮೀಟರ್ ಆಚೆಗೂ ಕೆಂಪು ಹರಡಿದ್ದರೆ ತಡಮಾಡದೆ ಕೊಡುತ್ತಿದ್ದೆ. ಇವರಲ್ಲಿ ಅದ್ಯಾವುದೂ ಇರಲಿಲ್ಲ. ಮೆರೊಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಈಗ ನಮ್ಮ ದೇಶದ ಐಸಿಯುಗಳಲ್ಲಿ ಅಪರೂಪವಲ್ಲ. ಅಗತ್ಯವಿಲ್ಲದ ಕಡೆ ಅದನ್ನು ಸುರಿದರೆ, ನಾಳೆ ನಿಜಕ್ಕೂ ಬೇಕಾದವರಿಗೆ ಏನು ಉಳಿಯುತ್ತದೆ?

ರೈತರ ಮಗನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. "ಔಷಧಿ ಇದ್ದೂ ಕೊಡ್ತಿಲ್ಲ, ಅಲ್ವಾ?" ಎಂದು ಕೇಳಿದರು. ಡ್ರೆಸ್ಸಿಂಗ್ ಬಿಚ್ಚಿ ಗಾಯವನ್ನೇ ತೋರಿಸಿದೆ. ತಳದಲ್ಲಿ ಕೆಂಪಗೆ ಹೊಸ ಮಾಂಸ ಬೆಳೆಯುತ್ತಿತ್ತು. ಆಮೇಲೆ ಅವರು ವಾದಿಸಲಿಲ್ಲ.

ವಾರ್ಡಿನಲ್ಲಿ ಈ ರೈತರ ಡ್ರೆಸ್ಸಿಂಗ್ ಕೊನೆಗೆ ಮಾಡುವಂತೆ ಸಿಸ್ಟರ್ ಸರದಿ ಬದಲಿಸಿದರು. ಪ್ರತಿ ಸಲ ಗ್ಲೌಸ್ ತೆಗೆದ ಮೇಲೆ ಕೈ ತೊಳೆಯದೆ ಅವರು ಯಾರನ್ನೂ ಬಿಡುತ್ತಿರಲಿಲ್ಲ, ನನ್ನನ್ನೂ ಸಹ. ಈ ರೋಗಾಣು ಪಕ್ಕದ ಹಾಸಿಗೆಗೆ ಹೋಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ.

ಡಿಸ್ಚಾರ್ಜ್ ಕಾರ್ಡಿನಲ್ಲಿ ರೋಗಾಣುವಿನ ಹೆಸರು, ಯಾವ ಔಷಧಿಗೆ ಬಗ್ಗಲಿಲ್ಲ ಎಂಬುದನ್ನು ಬರೆದುಕೊಟ್ಟೆ. ಗಾಯ ಮಾಗಿದ ಮೇಲೂ ಅದು ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿಯಬಹುದು. ಮುಂದೆ ಇವರಿಗೆ ಮತ್ತೆ ಆಪರೇಷನ್ ಆದರೆ, ಮಾಡುವ ಡಾಕ್ಟರಿಗೆ ಇದು ಮೊದಲೇ ಗೊತ್ತಿರಬೇಕು.