ರಪುಂಜೆಲ್ ಗೋಪುರದ ಮೂಲೆ ಪುಸ್ತಕದಾಚೆ ಇಣುಕಿದಾಗ

ಉದ್ದ ಜಡೆಯ ರಪುಂಜೆಲ್ ಕಥೆಗೆ ಪಾಪ್-ಅಪ್ ಪುಸ್ತಕ ಮಾಡುತ್ತಿದ್ದೆ; ಪುಟ ತೆರೆದರೆ ಕಾಗದದ ಗೋಪುರ ಎದ್ದು ನಿಲ್ಲಬೇಕು. ತೆರೆದಾಗ ಅದು ನೆಟ್ಟಗೆ ನಿಲ್ಲುತ್ತಿತ್ತು. ಮುಚ್ಚಿದರೆ ಚಾವಣಿಯ ಮೂಲೆ ಅರ್ಧ ಸೆಂ.ಮೀ. ಹೊರಗೆ.

ಪುಟದ ಅಗಲ 15 ಸೆಂ.ಮೀ., ಗೋಪುರದ ಎತ್ತರ 18, ನಡುಮಡಿಕೆಯಿಂದ ಒಂದು ಬದಿಯ ಅಗಲ 4. ನಡುವೆ ಮಡಚಿದ ಗೋಪುರದ ಬುಡ V ಆಕಾರ. ಅದರ ಎರಡೂ ಬದಿಯನ್ನು ಪುಸ್ತಕದ ನಡುಗೆರೆಗೆ 45 ಡಿಗ್ರಿ ಓರೆಯಾಗಿ, V ಮೊನೆ ನಡುಗೆರೆಯ ಮೇಲೆ ಕೂತು ಪುಟದ ಮೇಲಂಚಿನ ಕಡೆಗೆ ಬರುವಂತೆ ಅಂಟಿಸಿದ್ದೆ. ಮುಚ್ಚಿದಾಗ ಗೋಪುರ ಓರೆಯಾಗಿ ಮಲಗುತ್ತದೆ. ಬೇಕಾಗುವ ಅಗಲ (18+4)×0.707 (45 ಡಿಗ್ರಿಯ ಸೈನ್ ಬೆಲೆ), ಅಂದರೆ ಸುಮಾರು 15.5. ಎತ್ತರವನ್ನು 16ಕ್ಕೆ ಇಳಿಸಿದೆ. ಈಗ 14.1, ಒಳಗೇ ಕೂರುತ್ತದೆ. ಮೊನೆ ಮೇಲಂಚಿನಿಂದ 12 ಸೆಂ.ಮೀ. ಕೆಳಗಿರಲಿ.

ಜಡೆಗೆ ಉಲ್ಲನ್ ಬೇಡ, ಪುಟ ಉಬ್ಬುತ್ತದೆ. ಹಳದಿ ಕಸೂತಿ ದಾರ ಮೂರೆಳೆ ಹೆಣೆದರೆ ಚೆಂದ.

ಎರಡು ಬದಿಯ ಕೋನ ಒಂದೆರಡು ಡಿಗ್ರಿ ತಪ್ಪಿದರೂ ಗೋಪುರ ವಾಲುತ್ತದೆ. ಅದಕ್ಕೇ ಬಲಬದಿಯನ್ನು ಅಳೆದು ಅಂಟಿಸಲೇಬೇಡಿ. ಬುಡದ ಎರಡೂ ಬದಿಗೆ ಅಂಟಿಸಲೆಂದು ಬಿಟ್ಟ ಪಟ್ಟಿಗಳಲ್ಲಿ ಎಡಪಟ್ಟಿ ಅಂಟಿಸಿ, ಗೋಪುರವನ್ನು ಚಪ್ಪಟೆಯಾಗಿ ಮಲಗಿಸಿ, ಮೇಲೆ ಕಾಣುವ ಬಲಪಟ್ಟಿಗೆ ಅಂಟು ಹಚ್ಚಿ ಪುಸ್ತಕ ಮುಚ್ಚಿ ಒತ್ತಿ. ತನ್ನ ಜಾಗವನ್ನು ಅದೇ ಹುಡುಕಿಕೊಳ್ಳುತ್ತದೆ.

ಅವೆನ್ಯೂ ರಸ್ತೆಯಲ್ಲಿ ಹಾಳೆ ಕೊಳ್ಳುವಾಗ 220 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕೇಳಿ, ಎರಡೂ ದಿಕ್ಕಿಗೆ ಬಾಗಿಸಿ ನೋಡಿ. ಸಲೀಸಾಗಿ ಬಾಗುವ ದಿಕ್ಕಿನಲ್ಲೇ ನಡುಮಡಿಕೆ ಬರಬೇಕು. ಅಡ್ಡ ಮಡಚಿದರೆ ಗೆರೆಯುದ್ದಕ್ಕೂ ಬಣ್ಣ ಬಿರಿಯುತ್ತದೆ. ಮಡಚುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೀರಿಕೊಳ್ಳಿ. ಬೆಂಗಳೂರಿನ ಮಳೆಗಾಲದಲ್ಲಿ ಅಂಟು ಒಣಗುವುದು ನಿಧಾನ, ರಾತ್ರಿಯಿಡೀ ಭಾರ ಹೇರಿಡಿ.