ಜಿಡಿ2 ಆಂಟಿಬಾಡಿ ಜೊತೆ ಕೀಮೋ: ಲ್ಯಾಬಿನಲ್ಲಿ ನಾವು ಪರೀಕ್ಷಿಸುವ ಕ್ರಮ

ಮರುಕಳಿಸಿದ ಅಥವಾ ಚಿಕಿತ್ಸೆಗೆ ಬಗ್ಗದ ನ್ಯೂರೋಬ್ಲಾಸ್ಟೋಮಾ (ಎಳೆಯ ನರಕೋಶಗಳಲ್ಲಿ ಹುಟ್ಟುವ ಮಕ್ಕಳ ಕ್ಯಾನ್ಸರ್) ಇದ್ದ 17 ಮಕ್ಕಳಿಗೆ ಇರಿನೋಟೆಕಾನ್, ಟೆಮೊಜೊಲೊಮೈಡ್ ಎಂಬ ಕೀಮೋ ಔಷಧಿಗಳ ಜೊತೆ ಜಿಡಿ2 ಆಂಟಿಬಾಡಿ ಡಿನುಟುಕ್ಸಿಮ್ಯಾಬ್ ಕೊಟ್ಟಾಗ 9 ಮಕ್ಕಳಲ್ಲಿ ಚಿಕಿತ್ಸೆಗೆ ಸ್ಪಂದನೆ ಕಂಡಿತು. ಆಂಟಿಬಾಡಿ ಬದಲು ಟೆಮ್ಸಿರೋಲಿಮಸ್ ಎಂಬ ಬೇರೆ ಔಷಧಿ ಪಡೆದ 18 ಮಕ್ಕಳಲ್ಲಿ ಒಂದೇ ಮಗುವಿಗೆ ಫಲ ಸಿಕ್ಕಿತು. ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ 2017ರಲ್ಲಿ ಪ್ರಕಟಿಸಿದ ಫಲಿತಾಂಶವಿದು. ಇಂಥ ಜೋಡಿಗಳನ್ನು ನಾವು ಮೊದಲು 96 ವೆಲ್ (ಪುಟ್ಟ ಗುಳಿ) ಪ್ಲೇಟಿನಲ್ಲೇ ಪರೀಕ್ಷಿಸುತ್ತೇವೆ. ಆಂಟಿಬಾಡಿ ಕ್ಯಾನ್ಸರ್ ಕೋಶದ ಮೇಲಿನ ಜಿಡಿ2 ಅಣುವಿಗೆ ಅಂಟುತ್ತದೆ, ರಕ್ತದ ರೋಗನಿರೋಧಕ ಎನ್‌ಕೆ ಕೋಶ ತನ್ನ ಸಿಡಿ16 ಗ್ರಾಹಕದಿಂದ ಆಂಟಿಬಾಡಿಯನ್ನು ಹಿಡಿದು ಆ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ.

ಜಿಡಿ2 ಹೆಚ್ಚಿರುವ ಲ್ಯಾನ್-1 ನ್ಯೂರೋಬ್ಲಾಸ್ಟೋಮಾ ಕೋಶಗಳನ್ನು ಗುರಿಯಾಗಿಯೂ, ಬಹಳ ಕಡಿಮೆಯಿರುವ ಎಸ್‌ಕೆ-ಎನ್-ಎಎಸ್ ಕೋಶಗಳನ್ನು ಹೋಲಿಕೆಗೂ ಇಟ್ಟುಕೊಳ್ಳುತ್ತೇವೆ. ಜಿಡಿ2 ಮಟ್ಟವನ್ನು ಪರೀಕ್ಷೆಯ ದಿನವೇ ಫ್ಲೋ ಸೈಟೋಮೀಟರಿನಲ್ಲಿ (ಒಂದೊಂದೇ ಕೋಶವನ್ನು ಬೆಳಕಿನಿಂದ ಅಳೆಯುವ ಯಂತ್ರ) ಅಳೆಯಬೇಕು. ಅದು ಕೊಬ್ಬಿನಂಶದ ಅಣು, ಮೆಥನಾಲ್ ಹಾಕಿದರೆ ಕರಗಿ ಹೋಗುತ್ತದೆ. ತಳಕ್ಕೆ ಅಂಟಿದ ಕೋಶ ಬಿಡಿಸಲು ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಬೇಡ: ಜಿಡಿ2ಗೆ ಏನೂ ಆಗದಿದ್ದರೂ ಎನ್‌ಕೆ ಕೋಶ ಗುರುತಿಸುವ ಪ್ರೋಟೀನುಗಳು ಕತ್ತರಿಸಿ ಹೋಗುತ್ತವೆ. 2 ಮಿಲಿಮೋಲಾರ್ ಇಡಿಟಿಎ ಸಾಕು.

ಇರಿನೋಟೆಕಾನ್ ಅನ್ನು ನೇರವಾಗಿ ಹಾಕಿ ಪ್ರಯೋಜನವಿಲ್ಲ. ದೇಹದಲ್ಲಿ ಅದನ್ನು ಪರಿವರ್ತಿಸುವ ಕಿಣ್ವ ಪ್ಲೇಟಿನಲ್ಲಿ ಸಾಕಷ್ಟು ಇರುವುದಿಲ್ಲ, ಆದ್ದರಿಂದ ಅದರ ಪರಿವರ್ತಿತ ರೂಪವಾದ ಎಸ್‌ಎನ್-38 ಬಳಸುತ್ತೇವೆ. ಟೆಮೊಜೊಲೊಮೈಡ್ ಕೋಶ ಬೆಳೆಸುವ ಮಾಧ್ಯಮದಲ್ಲಿ ಸುಮಾರು ಎರಡು ಗಂಟೆಯಲ್ಲೇ ಅರ್ಧ ಒಡೆದುಹೋಗುತ್ತದೆ. ಡಿಎಂಎಸ್‌ಒ ದ್ರಾವಕದಲ್ಲಿ ಸ್ಟಾಕ್ ಇಟ್ಟು, ಹಾಕುವ ಹೊತ್ತಿಗಷ್ಟೇ ಮಾಧ್ಯಮಕ್ಕೆ ಬೆರೆಸಿ.

ಜೋಡಿ ಪರೀಕ್ಷೆ ಹಾದಿ ತಪ್ಪುವುದು ಮುಂದಿನ ಹಂತದಲ್ಲಿ. 48 ಗಂಟೆ ಔಷಧಿಯಲ್ಲಿದ್ದ ಕೋಶಗಳನ್ನು ತೊಳೆದು, ಬದುಕಿರುವುದನ್ನು ಮತ್ತೆ ಎಣಿಸಿ ವೆಲ್‌ಗೆ 10,000 ಹಾಕಲೇಬೇಕು. ಎಣಿಸದೆ ಹೋದರೆ, ಅರ್ಧ ಕೋಶ ಸತ್ತಿದ್ದಾಗ 10:1 ಎಂದುಕೊಂಡ ಎನ್‌ಕೆ-ಗುರಿ ಕೋಶಗಳ ಅನುಪಾತ 20:1 ಆಗಿರುತ್ತದೆ. ಆಗ ಯಾವ ಔಷಧಿಯೂ ಆಂಟಿಬಾಡಿಗೆ ಬಲ ತುಂಬಿದಂತೆ ಕಾಣುತ್ತದೆ. ತೊಳೆಯದೆ ಬಿಟ್ಟರೆ ಉಳಿದ ಔಷಧಿ ಎನ್‌ಕೆ ಕೋಶಗಳನ್ನೇ ಕುಗ್ಗಿಸಬಹುದು. ಎಷ್ಟು ಕೋಶ ಸತ್ತವು ಎಂಬುದನ್ನು ಅವುಗಳಿಂದ ಸೋರಿದ ಕ್ಯಾಲ್ಸೀನ್ ಎಂಬ ಹೊಳೆಯುವ ಬಣ್ಣದಿಂದ ತಿಳಿಯುತ್ತೇವೆ. ಅದನ್ನು ತುಂಬಿದ ಕೋಶಗಳ ತಾನಾಗಿಯೇ ಆಗುವ ಸೋರಿಕೆ, ಕೋಶ ಒಡೆಯುವ ಟ್ರೈಟಾನ್ ಹಾಕಿದಾಗಿನ ಗರಿಷ್ಠ ಸೋರಿಕೆ, ಎರಡನ್ನೂ ಔಷಧಿ ಕಂಡ ಕೋಶಗಳಿಗೆ ಪ್ರತ್ಯೇಕವಾಗಿ ಅಳೆಯಿರಿ. ತಾನಾಗಿ ಆಗುವ ಸೋರಿಕೆ ಗರಿಷ್ಠದ 20% ದಾಟಿದರೆ ಆ ಪ್ಲೇಟನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎನ್‌ಕೆ ಕೋಶಗಳನ್ನು ಫ್ರೀಜರಿನಿಂದ ತೆಗೆದಿದ್ದರೆ ಒಂದು ರಾತ್ರಿ ಅವನ್ನು ಚುರುಕಾಗಿಸುವ ಐಎಲ್-2 ಪ್ರೋಟೀನಿನಲ್ಲಿ ಚೇತರಿಸಿಕೊಳ್ಳಲು ಬಿಡಿ. ಮಾನವ ಸೀರಮ್ ಬೇಡ, ಅದರಲ್ಲಿರುವ ಐಜಿಜಿ (ರಕ್ತದಲ್ಲಿನ ಸಾಮಾನ್ಯ ಆಂಟಿಬಾಡಿ) ಸಿಡಿ16 ಗ್ರಾಹಕವನ್ನು ತಡೆಯುತ್ತದೆ. ದಾನಿಯ ಸಿಡಿ16 ಬಗೆ (158ನೇ ಸ್ಥಾನದಲ್ಲಿ ವ್ಯಾಲಿನ್ ಅಥವಾ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ) ಫಲಿತಾಂಶವನ್ನು ಬದಲಿಸುತ್ತದೆ, ಒಬ್ಬರ ರಕ್ತ ನಂಬಬಾರದು. ಆಂಟಿಬಾಡಿ ಜೊತೆ 4 ಗಂಟೆ ಬಿಟ್ಟು ಓದುತ್ತೇವೆ. ಗುರಿ ಹಿಡಿಯದ ಐಜಿಜಿ1 ಹಾಕಿದ ಸಾಲೂ ಇರಬೇಕು.

ಲೆಕ್ಕಕ್ಕೆ ಬ್ಲಿಸ್ ಸೂತ್ರ. ಔಷಧಿ ಒಂದೇ 30%, ಆಂಟಿಬಾಡಿ ಒಂದೇ 40% ಕೊಂದರೆ, ಎರಡೂ ಸ್ವತಂತ್ರವಾಗಿ ಕೆಲಸ ಮಾಡಿದರೂ 58% ಬರಬೇಕು. ಅದನ್ನು ಸ್ಪಷ್ಟವಾಗಿ ದಾಟಿದ ಮೇಲಷ್ಟೇ ಜೋಡಿ ಬಲವಾಗಿದೆ ಎನ್ನುತ್ತೇವೆ.

ನ್ಯೂಟ್ರೋಫಿಲ್ ಮುಂತಾದ ಬಿಳಿರಕ್ತಕಣಗಳನ್ನು ಚುರುಕಾಗಿಸುವ ಜಿಎಂ-ಸಿಎಸ್‌ಎಫ್ ಪ್ರೋಟೀನ್ ಸೇರಿಸುವುದಾದರೆ ಎನ್‌ಕೆ ಪ್ಲೇಟಿನಲ್ಲಿ ಅದರ ಗುಣ ಕಾಣದು. ಆಗಷ್ಟೇ ತೆಗೆದ ರಕ್ತದ ನ್ಯೂಟ್ರೋಫಿಲ್ ಬೇಕು, ಅವನ್ನು ಫ್ರೀಜ್ ಮಾಡಿಡಲಾಗದು. ಇಲಿಗೆ ಹೋದಾಗ ಇಲಿಯದೇ ಜಿಎಂ-ಸಿಎಸ್‌ಎಫ್ ಕೊಡಿ, ಮಾನವನದು ಇಲಿಯ ಕೋಶದ ಮೇಲೆ ಕೆಲಸ ಮಾಡುವುದಿಲ್ಲ.